ನೊಣ ಹೊಡೆಯೋದು ಬಿಟ್ಟು ನೊಣ ಕಟ್ಟಿ ನೋಡಿ

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ನಾನು ಬಾಲ್ಕನಿ ಹತ್ರ ಟೇಬಲ್ ಲ್ಯಾಂಪ್ ಹಾಕ್ಕೊಂಡು ಕೂತ್ರೆ ಮನೆಯವ್ರು ಕೇಳೋದು ಒಂದೇ, ನೊಣ ಹೊಡೀತಾ ಇದ್ದೀರಾ ಅಂತ. ಇಲ್ಲಪ್ಪ, ನೊಣ ಕಟ್ತಾ ಇದ್ದೀನಿ. ಗಾಳಕ್ಕೆ ಎರೆಹುಳ ಚುಚ್ಚೋ ಬದಲು ದಾರ, ಪುಕ್ಕ ಸುತ್ತಿ ಹುಳದ ಥರಾನೇ ಕಾಣೋ ಹಾಗೆ ಮಾಡಿದ್ರೆ ಅದಕ್ಕೆ ಫ್ಲೈ ಅಂತಾರೆ. ಇದು ನಿನ್ನೆ ಮೊನ್ನೆಯ ಶೋಕಿ ಅಲ್ಲ, ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಪುಕ್ಕ ಸೇರಿಸಿ ಮೀನು ಹಿಡೀತಿದ್ರು ಅಂತ ಈಲಿಯನ್ ಅನ್ನೋ ರೋಮನ್ ಲೇಖಕ ಸುಮಾರು 1800 ವರ್ಷದ ಹಿಂದೆನೇ ಬರೆದಿಟ್ಟಿದ್ದಾನೆ.

ಕಿಟ್ ಎಲ್ಲಾ ಫಾರಿನ್ನಿಂದ ತರಿಸ್ಬೇಕು, ಸಿಕ್ಕಾಪಟ್ಟೆ ಖರ್ಚು ಅಂತ ಹೆದರ್ಕೊಂಡು ನಾನೂ ಎರಡು ವರ್ಷ ಸುಮ್ನೆ ಕೂತಿದ್ದೆ. ಆಮೇಲೆ ಗೊತ್ತಾಯ್ತು, ಪುಣೆಯ ಪೇಟೆಗಳಲ್ಲಿ ಒಂದು ರೌಂಡ್ ಹಾಕಿದ್ರೆ ಎಲ್ಲಾ ಸಿಗುತ್ತೆ. ಬೋಹರಿ ಆಳಿ ಅನ್ನೋ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಟೇಬಲ್ ಅಂಚಿಗೆ ಬಿಗಿದು ಗಾಳ ಕಚ್ಚಿ ಹಿಡಿಯೋ ಚಿಕ್ಕ ವೈಸ್, ರವಿವಾರ ಪೇಟೆಯಲ್ಲಿ ಆರೆಂಜ್ ಬಣ್ಣದ ಮಷಿನ್ ಎಂಬ್ರಾಯ್ಡರಿ ದಾರ, ಚೂಪು ಮೂತಿಯ ಸಣ್ಣ ಕತ್ತರಿ, ಮಿಕ್ಕಿದ್ದು ಮನೆಯಲ್ಲೇ ಇರುತ್ತೆ: ಒಂದು ಹೇರ್‌ಕ್ಲಿಪ್, ಬಟ್ಟೆ ಒಣಹಾಕೋ ಕ್ಲಿಪ್, ಟ್ರಾನ್ಸ್‌ಪರೆಂಟ್ ನೇಲ್ ಪಾಲಿಶ್. ದಾರದ ವಿಷಯದಲ್ಲಿ ನಾನು ಮೊದ್ಲು ಜಾಣತನ ಮಾಡಕ್ಕೆ ಹೋಗಿ ಸೀರೆ ಕುಚ್ಚಿನ ದಾರ ತಂದೆ, ಹೊಳಪೇನೋ ಚೆನ್ನಾಗಿತ್ತು, ಆದ್ರೆ ನಾಲ್ಕು ಸುತ್ತಿಗೇ ಎಳೆ ಎಳೆಯಾಗಿ ಬಿಚ್ಕೊಂಡು ತೆಂಗಿನ ನಾರಾಯ್ತು. ಗಾಳಕ್ಕೆ ಕಣ್ಣು, ಅಂದ್ರೆ ಲೈನ್ ಪೋಣಿಸೋ ತೂತು, ಇರ್ಲೇಬೇಕು, ಚಪ್ಪಟೆ ತುದಿದು ಬೇಡ. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, ಅಂದ್ರೆ 14ಕ್ಕಿಂತ 10 ದೊಡ್ಡದು, ಕಲಿಯೋರಿಗೆ 10 ಅಥವಾ 8 ಸಾಕು.

ಈಗ ಪುಕ್ಕ. ಎಲ್ಲಾ ಇರೋದೇ ಇಲ್ಲಿ. ಬ್ರಾಯ್ಲರ್ ಕೋಳಿದು ಉಪಯೋಗ ಇಲ್ಲ, ಅದನ್ನ ಆರು ವಾರಕ್ಕೆಲ್ಲಾ ಕುಯ್ದುಬಿಡ್ತಾರೆ, ಕತ್ತಿನ ಪುಕ್ಕ ಸರಿಯಾಗಿ ಬೆಳೆದೇ ಇರಲ್ಲ. ಬೇಕಾಗಿರೋದು ಇಲ್ಲಿಯವರು ಗಾವರಾನ್ ಅನ್ನೋ, ನಮ್ಮ ಜವಾರಿ ಕೋಳಿ. ಹುಂಜದ ಕತ್ತಿನ ಪುಕ್ಕ ಬಿರುಸು, ಹೊಳಪು ಜಾಸ್ತಿ, ಅದು ನೀರಿನ ಮೇಲೆ ತೇಲೋ ಫ್ಲೈಗೆ. ಹೇಂಟೆದು ಮೆತ್ತಗೆ, ನೀರು ಕುಡಿಯುತ್ತೆ, ಒಳಗೆ ಹೋಗಿ ಹುಳದ ಕಾಲಿನ ಥರ ಅಲ್ಲಾಡುತ್ತೆ. ಇವತ್ತು ಕಟ್ಟೋದಕ್ಕೆ ಹೇಂಟೆದೇ ಬೇಕು, ಕಂದು ಬಣ್ಣದ ಮೇಲೆ ಚುಕ್ಕೆ ಇದ್ರೆ ಇನ್ನೂ ಒಳ್ಳೇದು. ನಮ್ಮ ಏರಿಯಾದ ಚಿಕನ್ ಅಂಗಡಿಯವರು ಬೀದರ್ ಕಡೆಯವರು, ಮೊದಲ ದಿನ ನನ್ನ ಮುಖ ನೋಡಿ “ಸರ್, ಕೋಳಿ ಬ್ಯಾಡೇನ್ರಿ, ಬರೀ ಪುಕ್ಕ ಸಾಕೇನ್ರಿ?” ಅಂತ ಎರಡು ಸಲ ಕೇಳಿದ್ರು. ತಂದ ಪುಕ್ಕನ ಬೆಚ್ಚಗಿನ ನೀರಲ್ಲಿ ಶಾಂಪೂ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಜಿಪ್ ಕವರಲ್ಲಿ ಹಾಕಿ ಕೆಲವು ದಿನ ಫ್ರೀಜರಲ್ಲಿ ಇಡಿ, ಹೇನು ಗೀನು ಇದ್ರೆ ಸಾಯುತ್ತೆ. ಮನೆಯಲ್ಲಿ ಮೊದ್ಲೇ ಹೇಳಿ ಇಡಿ, ಬಟಾಣಿ ಅಂತ ತೆಗೆದ್ರೆ ಆಮೇಲೆ ನನ್ನ ಬೈಬೇಡಿ.

ಒಂದು ಮಾತು. ಕಾಡು ಹಕ್ಕಿ ಪುಕ್ಕದ ತಂಟೆಗೆ ಹೋಗ್ಬೇಡಿ. ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿ ಹುಂಜದ ಕತ್ತಲ್ಲಿ ಮೇಣ ಬಳಿದ ಹಾಗೆ ಮಿನುಗೋ ಚುಕ್ಕೆಯ ಪುಕ್ಕ ಇರುತ್ತಲ್ಲ, ಸ್ಕಾಟ್ಲೆಂಡ್‌ನ ಸಾಲ್ಮನ್ ಮೀನಿಗೆ ಕಟ್ತಿದ್ದ ಹಳೇ ಫ್ಲೈಗಳ ಕೆನ್ನೆ ಮೇಲೆ ಕೂರ್ತಿದ್ದಿದ್ದು ಅದೇ, ಅದಕ್ಕೋಸ್ಕರ ಇಲ್ಲಿಂದ ಚರ್ಮದ ಸಮೇತ ಹಡಗು ಹತ್ತಿಸ್ತಿದ್ರು. ಈಗ 1972ರ ವನ್ಯಜೀವಿ ಕಾಯ್ದೆ ಇದೆ. ತಾನಾಗೇ ಉದುರಿದ ನವಿಲುಗರಿ ಮನೆಯಲ್ಲಿದ್ರೆ ಅದರ ಎಳೆ ಫ್ಲೈಯ ಮೈ ಸುತ್ತಕ್ಕೆ ಸೂಪರ್, ಆದ್ರೆ ಮರಿ ಹಾಕುತ್ತೆ ಅಂತ ಮಗಳು ಪುಸ್ತಕದಲ್ಲಿ ಇಟ್ಟಿರೋದನ್ನ ಮುಟ್ಟಬೇಡಿ, ನಾನು ಎರಡೇ ಎರಡು ಎಳೆ ತೆಗೆದು ಇನ್ನೂ ಅನ್ನಿಸ್ಕೊಳ್ತಾ ಇದ್ದೀನಿ.

ಕಟ್ಟೋದು ಪಾರ್ಟ್ರಿಡ್ಜ್ ಅಂಡ್ ಆರೆಂಜ್. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳೇ ಫ್ಲೈ, ಆರೆಂಜ್ ರೇಷ್ಮೆ ಮೈ, ಮುಂದೆ ಪಾರ್ಟ್ರಿಡ್ಜ್ ಹಕ್ಕಿಯ ಪುಕ್ಕ, ಅಷ್ಟೇ. ಆ ಪುಕ್ಕದ ಜಾಗಕ್ಕೆ ನಮ್ಮ ಹೇಂಟೆ.

ಗಾಳದ ಬಾಗಿದ ಭಾಗ ಮಾತ್ರ ವೈಸಲ್ಲಿ ಕಚ್ಚಿಸಿ, ಮೇಲಿನ ಕಡ್ಡಿ ಮಟ್ಟಸವಾಗಿ ಇರ್ಲಿ, ಬೆರಳಲ್ಲಿ ಮೀಟಿದ್ರೆ ಟಿಂಗ್ ಅನ್ಬೇಕು, ಜಾರಬಾರದು. ಹಿಮ್ಮುಳ್ಳನ್ನ ಇಕ್ಕಳದಲ್ಲಿ ಮೊದ್ಲೇ ಒತ್ತಿಬಿಡಿ, ಬೆರಳಿಗೆ ಚುಚ್ಚಿದ್ರೂ ಸುಲಭವಾಗಿ ಈಚೆ ಬರುತ್ತೆ. ಕಣ್ಣಿನಿಂದ ಒಂದೆರಡು ಮಿಲಿಮೀಟರ್ ಬಿಟ್ಟು ದಾರ ಶುರು ಮಾಡಿ, ಮೇಲಿಂದ ನಿಮ್ಮಿಂದ ಆಚೆಗೆ ಸುತ್ತಬೇಕು, ಐದಾರು ಸುತ್ತು ಅದರ ಬಾಲದ ಮೇಲೇ ಬಂದ್ರೆ ತಾನೇ ಲಾಕ್ ಆಗುತ್ತೆ, ಬಾಲ ಕತ್ತರಿಸಿ. ಕೈ ಬಿಡ್ಬೇಕಾದಾಗ ದಾರಕ್ಕೆ ಬಟ್ಟೆ ಕ್ಲಿಪ್ ನೇತಾಕಿ, ಆ ಭಾರಕ್ಕೆ ಸುತ್ತು ಸಡಿಲ ಆಗಲ್ಲ. ಹಾಗೇ ಒಂದಕ್ಕೊಂದು ತಾಗೋ ಹಾಗೆ ಸುತ್ತುತ್ತಾ ಗಾಳದ ಮೊನೆಯ ನೇರಕ್ಕೆ ಹೋಗಿ ವಾಪಸ್ ಬನ್ನಿ, ಮೈ ಆಯ್ತು. ಇನ್ನೊಂದು ಪದರ ಹಾಕೋಣ ಅನ್ಸುತ್ತೆ, ಬೇಡ, ಹುಳ ಅಷ್ಟು ದಪ್ಪ ಇರಲ್ಲ. ಮೊನೆಗೆ ದಾರ ತಾಗಿದ್ರೆ ಪಟ್ ಅಂತ ಕಟ್ ಆಗುತ್ತೆ, ಹುಷಾರು.

ಪುಕ್ಕದ ಬುಡದ ಜುಂಗು ಕಿತ್ತು, ತುದಿ ಹಿಡ್ಕೊಂಡು ಮಿಕ್ಕ ಎಳೆಗಳನ್ನ ಹಿಂದಕ್ಕೆ ಸವರಿ. ಎಳೆಯ ಉದ್ದ ಗಾಳದ ಬಾಗಿನ ತನಕ ಬಂದ್ರೆ ಸರಿಯಾದ ಅಳತೆ. ಹೊಳಪಿನ ಬದಿ ಮುಂದಕ್ಕೆ ಬರೋ ಹಾಗೆ ತುದಿಯನ್ನ ಕಣ್ಣಿನ ಹಿಂದೆ ಮೂರು ಸುತ್ತು ಹಾಕಿ ಕಟ್ಟಿ, ದಂಟಿಗೆ ಹೇರ್‌ಕ್ಲಿಪ್ ಹಾಕಿ ಎರಡೇ ಸುತ್ತು ಸುತ್ತಿ, ಒಂದೊಂದು ಸುತ್ತಿಗೂ ಎಳೆಗಳನ್ನ ಎಡಗೈಲಿ ಹಿಂದಕ್ಕೆ ಬಾಚ್ತಾ ಇರಿ. ತುದಿ ಕಡೆ ದಂಟು ತೆಳ್ಳಗೆ, ಜೋರಾಗಿ ಎಳೆದ್ರೆ ಮುರಿಯುತ್ತೆ. ಆಮೇಲೆ ದಂಟಿನ ಮೇಲೆ ದಾರ ಹಾಯಿಸಿ ಬಿಗಿ ಮಾಡಿ, ಉಳಿದಿದ್ದು ಕತ್ತರಿಸಿ.

ಕೊನೆಗಂಟು ನನಗೆ ವಾರಗಟ್ಲೆ ಬರ್ಲಿಲ್ಲ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ರೂ ಬೆರಳಿಗೆ ದಾರ ಸಿಕ್ಕಾಕ್ಕೊಳ್ತಿತ್ತು. ಧಾರವಾಡದಿಂದ ಬಂದಿದ್ದ ಅವ್ವ ಸ್ವಲ್ಪ ಹೊತ್ತು ನೋಡಿ, “ಇದೇನೋ, ಮಲ್ಲಿಗಿ ಮಾಲಿ ಕಟ್ಟೂ ಗಂಟ ಅಲ್ಲೇನೋ ಇದು?” ಅಂದ್ಳು. ಹೌದು, ಅದೇ! ಹೂವಿನ ತೊಟ್ಟು ಸುತ್ತಿದ ಮೇಲೆ ದಾರನ ಎರಡು ಬೆರಳ ಮೇಲೆ ತಿರುವಿ ಕುಣಿಕೆ ಮಾಡಿ ತೊಟ್ಟಿಗೆ ಹಾಕಿ ಎಳೀತಾರಲ್ಲ, ಅದೇ ಕುಣಿಕೆನ ಗಾಳದ ಕಣ್ಣಿನ ಮೇಲಿಂದ ಹಾಕಿ ಎಳೆದ್ರೆ ಮುಗೀತು, ಮೂರ್ನಾಲ್ಕು ಸಲ ಹಾಕಿ. ಕನ್ನಡಕ ಹಾಕ್ಕೊಂಡು ಅವ್ವ ಒಂದೇ ನಿಮಿಷದಲ್ಲಿ ಹಾಕಿದ ಗಂಟು ನನ್ನದಕ್ಕಿಂತ ಚಿಕ್ಕದಾಗಿ, ಗುಂಡಗೆ ಬಂತು. ಮೇಲೆ ಒಂದು ಹನಿ ನೇಲ್ ಪಾಲಿಶ್, ಒಣಗೋ ಮುಂಚೆ ಸೂಜಿಯಿಂದ ಕಣ್ಣಿನ ತೂತು ಬಿಡಿಸ್ಬೇಕು, ಇಲ್ಲಾಂದ್ರೆ ಹೊಳೆ ದಂಡೆಯಲ್ಲಿ ನಿಂತು ಲೈನ್ ಪೋಣಿಸಕ್ಕೆ ಒದ್ದಾಡ್ತೀರ. ಹೊಸಬರ ಹತ್ತು ಫ್ಲೈಯಲ್ಲಿ ಎಂಟರಲ್ಲಿ ಕಣ್ಣೇ ಮುಚ್ಚಿರುತ್ತೆ, ಅದಕ್ಕೇ ಶುರುವಲ್ಲೇ ಜಾಗ ಬಿಡಿ ಅಂದಿದ್ದು.

ಪ್ರಯೋಗ ಮಾಡಕ್ಕೆ ದುಬಾರಿ ರಾಡ್ ಬೇಕಿಲ್ಲ. ಜಪಾನಿನ ಟೆಂಕಾರಾದಲ್ಲಿ ರೀಲೇ ಇರಲ್ಲ, ಉದ್ದನೆ ಕೋಲು, ಹೆಚ್ಚುಕಮ್ಮಿ ಅಷ್ಟೇ ಉದ್ದದ ಲೈನ್. ಬಿದಿರು ಕೋಲಲ್ಲಿ ನಾನೂ ಹಾಗೇ ಮಾಡ್ತೀನಿ, ಹರಿವಿಗೆ ಅಡ್ಡವಾಗಿ ಎಸೆದು ಸುಮ್ನೆ ನೀರಿನ ಜೊತೆ ಹೋಗಕ್ಕೆ ಬಿಡೋದು. ಡ್ಯಾಮ್ ಹಿನ್ನೀರಿಗೆ ಹೋಗೋ ಮುಂಚೆ ಅಲ್ಲಿ ಮೀನು ಹಿಡಿಯೋ ಹಕ್ಕು ಯಾರದ್ದು ಅಂತ ಕೇಳಿ ಪರ್ಮಿಶನ್ ತಗೊಳ್ಳಿ, ಮಳೆಗಾಲದ ಕೆಂಪು ನೀರಲ್ಲಿ ಮೀನಿಗೆ ಫ್ಲೈ ಕಾಣೋದೇ ಇಲ್ಲ, ನೀರು ತಿಳಿಯಾಗೋ ತನಕ ಕಾಯ್ಬೇಕು. ನನಗೆ ಮೊದಲು ಸಿಕ್ಕಿದ್ದು ಅಂಗೈ ಅಗಲದ ತಿಲಾಪಿಯಾ, ಅದೂ ಅವ್ವ ಗಂಟು ಹಾಕಿದ ಫ್ಲೈಗೆ. ವಾಪಸ್ ಬಂದ್ಮೇಲೆ ಒದ್ದೆ ಫ್ಲೈನ ಡಬ್ಬಿಗೆ ಹಾಕ್ಬೇಡಿ, ಥರ್ಮಾಕೋಲ್ ತುಂಡಿಗೆ ಚುಚ್ಚಿ ಫ್ಯಾನ್ ಕೆಳಗೆ ಒಂದು ರಾತ್ರಿ ಇಡಿ, ಇಲ್ಲಾಂದ್ರೆ ಗಾಳಕ್ಕೆ ತುಕ್ಕು ಹಿಡಿಯುತ್ತೆ.