ಹಳೆ ಅಡುಗೆಮನೆಗೆ ಹೊಸ ಟೈಲ್ಸ್: ತಯಾರಿಯಲ್ಲೇ ಇದೆ ಅರ್ಧ ಕೆಲಸ

ಅಡುಗೆಮನೆ ಹಳತಾಗಿ ಕಾಣಲು ಮುಖ್ಯ ಕಾರಣ ಒಲೆ ಮತ್ತು ಸಿಂಕ್ ಹಿಂದಿನ ಗೋಡೆ. ಅಲ್ಲಿ ಎಣ್ಣೆ ಜಿಡ್ಡು ಕೂತಿರುತ್ತದೆ, ಸಂದುಗಳು ಕಪ್ಪಾಗಿರುತ್ತವೆ, ಒಂದೆರಡು ಟೈಲ್ಸ್ ಬಿರುಕು ಬಿಟ್ಟಿರುತ್ತವೆ. ಇದಕ್ಕಾಗಿ ಇಡೀ ಅಡುಗೆಮನೆ ಒಡೆಸಬೇಕಿಲ್ಲ. ಅಷ್ಟು ಗೋಡೆಗೆ ಹೊಸ ಟೈಲ್ಸ್ ಹಾಕಿ, ಬಾಕಿ ಉಳಿದ ಸಣ್ಣಪುಟ್ಟ ರಿಪೇರಿ ಮುಗಿಸಿದರೆ ಕೋಣೆಯ ಕಳೆಯೇ ಬದಲಾಗುತ್ತದೆ. ಟೈಲ್ಸ್ ಅಂಟಿಸುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕೂ ಮೊದಲಿನ ತಯಾರಿಗೆ ಮಾತ್ರ ತಾಳ್ಮೆ ಬೇಕು.

ಮೊದಲು ಗೋಡೆ ನೋಡಿ

ಸಿಂಕ್ ಕೆಳಗೆ ತೇವ ಇದೆಯಾ? ಗೋಡೆಯ ಬಣ್ಣ ಉಬ್ಬಿದೆಯಾ? ಹಾಗಿದ್ದರೆ ಮೊದಲು ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ, ನಿಲ್ಲಿಸಿ. ಗೋಡೆ ಪೂರ್ತಿ ಒಣಗಲಿ. ಹಸಿ ಗೋಡೆಗೆ ಎಷ್ಟೇ ಒಳ್ಳೆಯ ಟೈಲ್ಸ್ ಹಾಕಿದರೂ ಅದು ಬಿಟ್ಟುಕೊಳ್ಳುತ್ತದೆ.

ಆಮೇಲೆ ಹಳೆ ಟೈಲ್ಸನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಹಿಂದೆ ಅಂಟು ಬಿಟ್ಟಿದೆ ಎಂದರ್ಥ. ಅಂಥವು ನಾಲ್ಕೈದು ಇದ್ದರೆ ಉಳಿಯಿಂದ ಎಬ್ಬಿಸಿ, ಆ ಜಾಗಕ್ಕೆ ಗಾರೆ ತುಂಬಿ ಸಮ ಮಾಡಿ. ಜಾಸ್ತಿ ಇದ್ದರೆ ಎಲ್ಲವನ್ನೂ ತೆಗೆಯುವುದೇ ಒಳ್ಳೆಯದು.

ಹಳೆಯದು ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸದನ್ನು ಅಂಟಿಸಬಹುದು. ಆದರೆ ಜಿಡ್ಡು ಒಂದಿಷ್ಟೂ ಉಳಿಯಬಾರದು. ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ. ನುಣುಪು ಮೈಯನ್ನು ಸ್ಯಾಂಡ್‌ಪೇಪರ್‌ನಿಂದ ತರಿ ಮಾಡಿ, ಪ್ರೈಮರ್ ಬಳಿಯಿರಿ. ಇನ್ನೊಂದು ವಿಷಯ: ಹೊಸ ಪದರ ಬಂದಾಗ ಸ್ವಿಚ್ ಬೋರ್ಡ್ ಅಷ್ಟು ಒಳಗೆ ಹೋದಂತಾಗುತ್ತದೆ. ಪ್ಲೇಟ್ ಕೂರಿಸಲು ಉದ್ದದ ಸ್ಕ್ರೂ ಬೇಕಾಗಬಹುದು. ಬೋರ್ಡ್ ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಇದರಲ್ಲಿ ರಾಜಿ ಬೇಡ.

ಅಂಟಿಸುವ ಮೊದಲು ಜೋಡಿಸಿ ನೋಡಿ

ಗೋಡೆಯ ಉದ್ದ, ಎತ್ತರ ಅಳೆದು ಗುಣಿಸಿ. ಒಡೆಯುವುದು, ಕತ್ತರಿಸುವುದು ಇದ್ದೇ ಇರುತ್ತದೆ, ಅಲ್ವಾ? ಅದಕ್ಕೆ ಶೇ 10ರಷ್ಟು ಜಾಸ್ತಿ ತನ್ನಿ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಬೇರೆ ಬ್ಯಾಚ್ ಆದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಅಂಗಡಿಯಲ್ಲಿ ಕಾಣದ ಆ ವ್ಯತ್ಯಾಸ ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಈಗ ಟೈಲ್ಸನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ. ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ ಇದು. ಸಾಲು ಗೋಡೆಯ ನಡುಮಧ್ಯದಿಂದ ಶುರುವಾಗಲಿ. ಎರಡೂ ತುದಿಯಲ್ಲಿ ಅರ್ಧಕ್ಕಿಂತ ಸಣ್ಣ ತುಂಡು ಬರುತ್ತಿದ್ದರೆ, ಇಡೀ ಸಾಲನ್ನು ಅರ್ಧ ಟೈಲಿನಷ್ಟು ಪಕ್ಕಕ್ಕೆ ಸರಿಸಿ. ಆಗ ತುದಿಯ ತುಂಡುಗಳು ದೊಡ್ಡದಾಗುತ್ತವೆ. ಬೆರಳಗಲದ ಚೂರು ಮೂಲೆಯಲ್ಲಿ ಬಂದರೆ ಎಷ್ಟು ಚೆಂದದ ಟೈಲ್ಸ್ ಆದರೂ ಕಳೆ ಕೆಡುತ್ತದೆ.

ಅಡುಗೆ ಕಟ್ಟೆಯನ್ನು ನಂಬಿ ಮೊದಲ ಸಾಲು ಹಾಕಬೇಡಿ. ಕಟ್ಟೆ ಒಂದು ಕಡೆ ಇಳಿದಿರಬಹುದು. ರಸಮಟ್ಟ ಹಿಡಿದು ಗೋಡೆಯ ಮೇಲೆ ಗೆರೆ ಎಳೆಯಿರಿ, ಆ ಗೆರೆಗೇ ಸಾಲು ಕೂರಿಸಿ. ಕಟ್ಟೆಗೂ ಮೊದಲ ಸಾಲಿಗೂ ನಡುವೆ 2ರಿಂದ 3 ಮಿ.ಮೀ. ಜಾಗ ಬಿಡಿ.

ಅಂಟಿಸುವುದು

ಬಕೆಟ್‌ಗೆ ಮೊದಲು ನೀರು, ಆಮೇಲೆ ಅಂಟಿನ ಪುಡಿ. ಗಂಟಿಲ್ಲದಂತೆ ಕಲಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಕಲಸಿ. ನೀರಿನ ಅಳತೆ ಚೀಲದ ಮೇಲೆ ಇರುತ್ತದೆ. ಹಳೆ ಟೈಲ್ಸ್ ಮೇಲೆ ಹಾಕುವುದಾದರೆ ಅದಕ್ಕೆಂದೇ ಬರುವ ಅಂಟು ಕೇಳಿ ತನ್ನಿ. ಹಲ್ಲಿರುವ ಕರಣೆಯಿಂದ ಅಂಟನ್ನು ಗೋಡೆಗೆ ಹರಡಿ, ಸಣ್ಣ ಟೈಲ್ಸ್‌ಗೆ 6 ಮಿ.ಮೀ. ಹಲ್ಲು ಸಾಕು. ಹತ್ತು ನಿಮಿಷದಲ್ಲಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಬಳಿಯಿರಿ. ಅಂಟಿನ ಮೇಲೆ ಕೆನೆ ಕಟ್ಟಿದರೆ ಅದನ್ನು ಕೆರೆದು ತೆಗೆದು ಹೊಸದು ಹಾಕಿ.

ಟೈಲನ್ನು ಒತ್ತಿ, ಸ್ವಲ್ಪ ಅಲ್ಲಾಡಿಸಿ ಕೂರಿಸಿ. ಸಂದು ಒಂದೇ ಸಮ ಇರಲು ನಡುವೆ ಸ್ಪೇಸರ್ (ಸಣ್ಣ ಪ್ಲಾಸ್ಟಿಕ್ ತುಂಡು) ಇಡಿ. ಆಗಾಗ ಒಂದನ್ನು ಕಿತ್ತು ಬೆನ್ನು ನೋಡಿ. ಅಂಟು ಎಲ್ಲ ಕಡೆ ಹತ್ತಿರಬೇಕು. ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಮಷೀನ್ ಬಳಸಿದರೆ ನೀರು ಬಿಟ್ಟುಕೊಂಡೇ ಕತ್ತರಿಸಿ. ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಂಟು ಒಣಗುವ ಹೊತ್ತಿಗೆ

ಗ್ರೌಟ್, ಅಂದರೆ ಟೈಲ್ಸ್ ನಡುವಿನ ಸಂದು ತುಂಬುವ ಮಿಶ್ರಣ, ಹಾಕಲು ಕನಿಷ್ಠ 24 ಗಂಟೆ ಕಾಯಬೇಕು. ಸುಮ್ನೆ ಕೂರುವ ಬದಲು ಸಣ್ಣ ರಿಪೇರಿ ಮಾಡಿ. ಕಪಾಟಿನ ಬಾಗಿಲು ಜೋತುಬಿದ್ದಿದ್ದರೆ ಹಿಂಜ್‌ನ ಸ್ಕ್ರೂ ಬಿಚ್ಚಿ, ತೂತಿಗೆ ಮರದ ಅಂಟು ಹಚ್ಚಿದ ಬೆಂಕಿಕಡ್ಡಿಗಳನ್ನು ತುಂಬಿ. ಒಣಗಿದ ಮೇಲೆ ಉಳಿದ ಕಡ್ಡಿ ಕತ್ತರಿಸಿ ಸ್ಕ್ರೂ ಹಾಕಿದರೆ ಬಿಗಿಯಾಗಿ ಹಿಡಿಯುತ್ತದೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ವಾಷರ್ ಬದಲಿಸಿ, ಅದಕ್ಕೂ ಮೊದಲು ನೀರಿನ ವಾಲ್ವ್ ಮುಚ್ಚಿ.

ಗ್ರೌಟ್ ಮತ್ತು ಸಿಲಿಕಾನ್

ರಬ್ಬರ್ ಕರಣೆಯನ್ನು ಓರೆಯಾಗಿ ಎಳೆಯುತ್ತಾ ಸಂದುಗಳಿಗೆ ಗ್ರೌಟ್ ತುಂಬಿ. ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಒರೆಸಿ. ನೀರು ಜಾಸ್ತಿಯಾದರೆ ಗ್ರೌಟಿನ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಒಲೆಯ ಹಿಂದೆ ಅಚ್ಚ ಬಿಳಿಗಿಂತ ಬೂದು ಬಣ್ಣ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಎಪಾಕ್ಸಿ ಎಂಬ ರಾಳದಿಂದ ಮಾಡಿದ ಗ್ರೌಟ್ ಎಣ್ಣೆ ಹೀರುವುದಿಲ್ಲ, ಆದರೆ ಬೇಗ ಗಟ್ಟಿಯಾಗುತ್ತದೆ. ಕೂಡಲೇ ಒರೆಸಬೇಕು.

ಕಟ್ಟೆ ಮತ್ತು ಗೋಡೆ ಸೇರುವ ಸಂದಿಗೆ ಮಾತ್ರ ಗ್ರೌಟ್ ಬೇಡ. ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಅದು ಬಿರುಕು ಬಿಡುತ್ತದೆ, ನೀರು ಹಿಂದಕ್ಕೆ ಇಳಿಯುತ್ತದೆ. ಅಲ್ಲಿಗೆ ರಬ್ಬರಿನಂತೆ ಬಾಗುವ ಸಿಲಿಕಾನ್ ಹಾಕಿ. ಸಿಂಕಿನ ಸುತ್ತ ಹಳೆ ಸಿಲಿಕಾನ್ ಕಪ್ಪಾಗಿದ್ದರೆ ಬ್ಲೇಡಿನಿಂದ ಕೆರೆದು ಅದನ್ನೂ ಹೊಸದು ಮಾಡಿ. ಒಂದು ದಿನ ಆ ಜಾಗಕ್ಕೆ ನೀರು ಸೋಕದಂತೆ ನೋಡಿಕೊಳ್ಳಿ.