ಸಿಲಿಂಡರ್ ಹೆಡ್ಡಿನೊಳಗೆ ಮುರಿದ ಸ್ಟಡ್ ತೆಗೆದ ನನ್ನ ಅನುಭವ

ದಾವಣಗೆರೆಯಿಂದ ನಮ್ಮ ಗದ್ದೆಗೆ ಹೋಗುವ ದಾರಿಯ ಕೊನೆಯ ಭಾಗ ಭದ್ರಾ ನಾಲೆಯ ಏರಿಯ ಮೇಲಿದೆ. ನಾಟಿಯ ದಿನಗಳಲ್ಲಿ ಏರಿಯ ಕೆಸರನ್ನು ಬೈಕಿನ ಮುಂದಿನ ಚಕ್ರ ನೇರವಾಗಿ ಎಂಜಿನ್ನಿನ ಮೇಲೆ ಎರಚುತ್ತದೆ. ಸೈಲೆನ್ಸರ್ ಪೈಪು ಸಿಲಿಂಡರ್ ಹೆಡ್ಡಿಗೆ, ಅಂದರೆ ಎಂಜಿನ್ನಿನ ಅಲ್ಯೂಮಿನಿಯಮ್ ತಲೆಭಾಗಕ್ಕೆ, ಸೇರುವ ಜಾಗದಲ್ಲಿ ಆ ಕೆಸರು ಬಿದ್ದು, ಕಾದು ಒಣಗಿ, ಮರುದಿನ ಮತ್ತೆ ನೆನೆದು, ಅಲ್ಲಿ ಪೈಪನ್ನು ಹಿಡಿದಿಡುವ, ತಲೆಯಿಲ್ಲದ ಬೋಲ್ಟಿನಂಥ ಎರಡು ಸ್ಟಡ್‌ಗಳಿಗೆ ವರ್ಷಗಟ್ಟಲೆ ತುಕ್ಕು ಹಿಡಿಸುತ್ತಲೇ ಇರುತ್ತದೆ. ನನ್ನ 150 ಸಿಸಿ ಬೈಕಿನಲ್ಲಿ ಆದದ್ದೂ ಇದೇ.

ಪೈಪಿನ ಬುಡದಲ್ಲಿ ಹೊಗೆ ಸೋರಿ ಕಪ್ಪು ಮಸಿ ಕಟ್ಟಿದ್ದರಿಂದ ಒಳಗಿನ ಗ್ಯಾಸ್ಕೆಟ್ ಬಳೆಯನ್ನು ಬದಲಿಸಲು ಒಂದು ಭಾನುವಾರ ಕುಳಿತೆ. ಎಡಗಡೆಯ ನಟ್ ಬಂತು. ಬಲಗಡೆಯದು ಅರ್ಧ ಸುತ್ತು ತಿರುಗಿ, ಬಿಗಿ ಕಡಿಮೆಯಾಗುವ ಬದಲು ಮೆತ್ತಗೆ ಜಗ್ಗಿದಂತೆ ಭಾಸವಾಯಿತು. ನಟ್ ಸಡಿಲವಾಗುವಾಗ ಕೈಗೆ ಹಾಗೆ ತಿಳಿಯುವುದಿಲ್ಲ. ಉಕ್ಕು ತಿರುಚಿಕೊಳ್ಳುತ್ತಿರುವಾಗ ಮಾತ್ರ ಹಾಗಾಗುತ್ತದೆ. ಅಲ್ಲಿಯೇ ಕೈ ಬಿಡಬೇಕಿತ್ತು. ನಾನು ಇನ್ನೊಮ್ಮೆ ಎಳೆದೆ, 6 ಮಿಲಿಮೀಟರಿನ ಸ್ಟಡ್ ಹೆಡ್ಡಿನ ಮೇಲ್ಮೈಗಿಂತ ಒಂದು ಎಳೆಯಷ್ಟು ಒಳಗೇ ತುಂಡಾಯಿತು.

ಸ್ಟಡ್ಡಿನ ತುದಿ ಹೊರಗೆ ಉಳಿದಿದ್ದರೆ ಅದರ ಮೇಲೊಂದು ನಟ್ ಕೂರಿಸಿ ವೆಲ್ಡಿಂಗ್ ಮಾಡಿಸುತ್ತಿದ್ದೆ. ಆ ಕಾವಿಗೇ ಬಹಳಷ್ಟು ಸ್ಟಡ್‌ಗಳು ಸಡಿಲಗೊಳ್ಳುತ್ತವೆ. ಇಲ್ಲಿ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಮುರಿದ ತುಂಡಿನಲ್ಲಿ ತೂತು ಕೊರೆದು, ಅದರೊಳಗೆ ಕಚ್ಚಿಸಿ ಹಿಂದಕ್ಕೆ ತಿರುಗಿಸುವ ಈಜಿ ಔಟ್ ಎಂಬ ಸಾಧನ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತರಲು ಹೊರಟಿದ್ದೆ. ನಮ್ಮ ನೆರೆಮನೆಯ ಹಿರಿಯರು ತಡೆದರು. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಅಂದರೆ ಲೇತ್‌ಗಳೇ ತಯಾರಾಗುತ್ತಿದ್ದ ಜಾಗದಲ್ಲಿ, ದುಡಿದವರು. ಈಜಿ ಔಟ್ ಬಹಳ ಗಡಸು ಉಕ್ಕು, ಆದ್ದರಿಂದಲೇ ಪೆಡಸು. ತುಕ್ಕಿನಿಂದ ಕಚ್ಚಿಕೊಂಡ ಸಣ್ಣ ಸ್ಟಡ್ಡಿನಲ್ಲಿ ಅದೂ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು ಎಂದು ವಿವರಿಸಿದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು: "ತಮ್ಮಾ, ನಟ್ಟನಡುವು ಸಿಗೋ ತನಕ ಡ್ರಿಲ್ ಮುಟ್ಟಬ್ಯಾಡ."

ಮಧ್ಯವನ್ನು ಹುಡುಕುವುದಕ್ಕೇ ನಾನು ಹೆಚ್ಚು ಸಮಯ ಕೊಟ್ಟೆ. ಮೊದಲು ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರವನ್ನೂ ಮಡ್‌ಗಾರ್ಡನ್ನೂ ಬಿಚ್ಚಿದೆ. ಚಕ್ರ ಇದ್ದ ಹಾಗೆಯೇ ಕೊರೆಯಲು ಹೋದರೆ ಡ್ರಿಲ್ ಮಷಿನ್ ಓರೆಯಾಗಿಯೇ ನಿಲ್ಲುತ್ತದೆ, ಹೆಡ್ ಹಾಳಾಗುವುದು ಬಹುತೇಕ ಹೀಗೆಯೇ. ಕೊರೆದ ಚೂರು ಸಿಲಿಂಡರಿಗೆ ಹೋಗದಂತೆ ಹೊಗೆ ಹೊರಬರುವ ತೂತಿಗೆ ಬಟ್ಟೆ ತುರುಕಿದೆ. ಮುರಿದ ಮುಖ ಏರುಪೇರಾಗಿದ್ದರೆ ಡ್ರಿಲ್ಲಿಗೆ ಗುರುತು ಹೊಡೆಯುವ ಪಂಚ್ ಜಾರುತ್ತದೆ. ಸಣ್ಣ ಗ್ರೈಂಡಿಂಗ್ ಕಲ್ಲಿನಿಂದ ಅದನ್ನು ಮಟ್ಟ ಮಾಡಿ, ಸೆಂಟರ್ ಪಂಚ್ ಇಟ್ಟು ಹಗುರವಾಗಿ ಒಂದು ಗುರುತು ಹೊಡೆದೆ. ಭೂತಗನ್ನಡಿಯಲ್ಲಿ ನೋಡಿದರೆ ಗುರುತು ಮೇಲಕ್ಕೆ ಸರಿದಿತ್ತು. ಪಂಚನ್ನು ಓರೆಯಾಗಿ ಹಿಡಿದು ಅದನ್ನು ಕೆಳಕ್ಕೆ ತಳ್ಳುತ್ತ ತಳ್ಳುತ್ತ ನಡುವಿಗೆ ತಂದ ಮೇಲೆಯೇ ಗಟ್ಟಿಯಾಗಿ ಹೊಡೆದೆ. ಅಷ್ಟಕ್ಕೇ ಒಂದು ಸಂಜೆ ಮುಗಿಯಿತು. ರಾತ್ರಿಯಿಡೀ ನೆನೆಯಲೆಂದು ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟೆ.

ಮರುದಿನ 2.5 ಮಿಲಿಮೀಟರಿನ ಬಿಟ್‌ನಿಂದ, ಕಡಿಮೆ ವೇಗದಲ್ಲಿ, ಎಣ್ಣೆ ಹಾಕುತ್ತ ಕೊರೆದೆ. ಇನ್ನೊಂದು ಸ್ಟಡ್ ಎಷ್ಟು ಆಳಕ್ಕಿದೆಯೆಂದು ನನಗೆ ಗೊತ್ತಾಗಬೇಕಿತ್ತು. ಹಾಗಾಗಿ ಕೊರೆಯುವ ಮುಂಚೆ ಅದನ್ನು ಬಿಚ್ಚಿದೆ. ಈ ಸಲ ತಣ್ಣಗಿರುವಾಗ ಬಲ ಹಾಕಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಟ್ಟು, ಕಾರ್ಬ್ಯುರೇಟರಿನಲ್ಲಿದ್ದ ಪೆಟ್ರೋಲನ್ನೂ ಬಸಿದು, ಆವಿ ಆರಿದ ಮೇಲೆ ಸ್ಟಡ್ಡಿನ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಗ್ಯಾಸ್ ಟಾರ್ಚಿನಿಂದ, ನೀರಿನ ಹನಿ ಬಿದ್ದರೆ ಚುಂಯ್ ಎನ್ನುವಷ್ಟು ಕಾಯಿಸಿದೆ. ಕಾವಿಗೆ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆದ್ದರಿಂದ ತೂತು ಸ್ಟಡ್ಡಿನ ಮೇಲಿನ ಹಿಡಿತವನ್ನು ಬಿಡುತ್ತದೆ. ಎರಡು ನಟ್‌ಗಳನ್ನು ಒಂದಕ್ಕೊಂದು ಒತ್ತಿ ಬಿಗಿದು, ಒಳಗಿನ ನಟ್ಟನ್ನು ತಿರುಗಿಸಿದಾಗ ಸ್ಟಡ್ ಸಲೀಸಾಗಿ ಹೊರಬಂತು. ಅದರ ಥ್ರೆಡ್ಡಿನ ತುಂಬ ಬಿಳಿ ಪುಡಿ ಮೆತ್ತಿತ್ತು. ಉಕ್ಕು ಮತ್ತು ಅಲ್ಯೂಮಿನಿಯಮ್ ತೇವದಲ್ಲಿ ಕೂಡಿದಾಗ ಅಲ್ಯೂಮಿನಿಯಮ್ ಸವೆದು ಆಗುವ ಈ ಪುಡಿ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್ಡುಗಳ ನಡುವೆ ಬೆಣೆಯಂತೆ ಕೂರುತ್ತದೆ. ಮೊದಲ ದಿನವೇ ಹೀಗೆ ಕಾಯಿಸಿದ್ದರೆ ಬಲಗಡೆಯದೂ ಮುರಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಆ ಸ್ಟಡ್ಡಿನ ಆಳವನ್ನು ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡು 4 ಮಿಲಿಮೀಟರಿಗೆ, ಬಳಿಕ 5 ಮಿಲಿಮೀಟರಿಗೆ ತೂತನ್ನು ಅಗಲಿಸಿದೆ. ಕೊರೆಯುವಾಗ ಹೊರಬರುವ ಚೂರುಗಳ ಮೇಲೆ ಕಣ್ಣಿಟ್ಟಿದ್ದೆ. ಉಕ್ಕಿನವು ಬೂದುಬಣ್ಣದ ಗಡುಸು ಸುರುಳಿಗಳು. ಬೆಳ್ಳಗೆ ಹೊಳೆಯುವ ಮೆದು ಚೂರು ಕಂಡ ಕೂಡಲೇ ಬಿಟ್ ಹೆಡ್ಡಿನ ಕಡೆಗೆ ಸರಿದಿದೆಯೆಂದು ತಿಳಿದು ನಿಲ್ಲಿಸಬೇಕು. 5 ಮಿಲಿಮೀಟರ್ ಎಂಬುದು 6 ಮಿಲಿಮೀಟರ್ ಥ್ರೆಡ್ಡಿಗೆ ಕೊರೆಯುವ ಅಳತೆಯೇ ಆದ್ದರಿಂದ, ತೂತು ನಟ್ಟನಡುವೆ ಇದ್ದರೆ ಹಳೆಯ ಸ್ಟಡ್ಡಿನ ಥ್ರೆಡ್ ಮಾತ್ರ ಸ್ಪ್ರಿಂಗಿನಂತೆ ಉಳಿಯುತ್ತದೆ. ಅದರ ತುದಿಯನ್ನು ಚೂಪಾದ ಸೂಜಿಯಿಂದ ಕೆದಕಿ, ಮೂತಿ ಸಣ್ಣಗಿರುವ ಇಕ್ಕಳದಿಂದ ಹಿಡಿದು ಎಳೆದಾಗ ಎರಡು ಸುತ್ತು ಒಟ್ಟಿಗೇ ಬಂತು. ಉಳಿದದ್ದನ್ನು ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ತೆಗೆಯಿತು: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಆಗಾಗ ಹೊರತೆಗೆದು ಚೂರು ಒರೆಸುವುದು. ತೂತಿನ ತಳ ಮುಚ್ಚಿರುವುದರಿಂದ ಅಲ್ಲಿ ಚೂರು ತುಂಬಿದರೆ ಟ್ಯಾಪ್ ಮುರಿಯುತ್ತದೆ, ಅದು ಈಜಿ ಔಟ್ ಮುರಿದಷ್ಟೇ ಕಷ್ಟ. ಹೆಡ್ಡಿನ ಥ್ರೆಡ್ ಉಳಿದಿದ್ದರಿಂದ ಹೆಲಿಕಾಯಿಲ್, ಅಂದರೆ ಹಾಳಾದ ಥ್ರೆಡ್ಡಿನ ಬದಲಿಗೆ ಕೂರಿಸುವ ತಂತಿಸುರುಳಿ, ಹಾಕುವ ಪ್ರಸಂಗ ಬರಲಿಲ್ಲ.

ಹೊಸ ಸ್ಟಡ್‌ಗಳಿಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿ, ಉಕ್ಕಿನ ನಟ್‌ಗಳ ಬದಲು ಹಿತ್ತಾಳೆಯವನ್ನು ಹಾಕಿದೆ. ಈ ಗಾತ್ರಕ್ಕೆ 10 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು, ಎಂದರೆ 10 ಸೆಂಟಿಮೀಟರ್ ದೂರದಲ್ಲಿ ಸುಮಾರು 10 ಕಿಲೋ ಭಾರದ ಎಳೆತ. ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ನೋಡಿದೆ. ಈಗ ಪ್ರತಿ ನಾಟಿ ಮುಗಿದ ಮೇಲೆ ಆ ಕೆಸರನ್ನು ಬ್ರಷ್‌ನಿಂದ ತೊಳೆದು, ನಟ್‌ಗಳನ್ನು ಒಮ್ಮೆ ಬಿಚ್ಚಿ ಗ್ರೀಸ್ ಸವರಿ ಹಾಕುತ್ತೇನೆ. ಹೋದ ಸಲ ಸ್ಪ್ಯಾನರಿನಿಂದ ಒಂದು ಸುತ್ತು ಸಡಿಲಿಸಿದ ಮೇಲೆ ಎರಡೂ ಬೆರಳಿನಲ್ಲೇ ಬಂದವು.