ಪಿಕಪ್ ಅಡಗಿರುವುದು ಬೆಲ್ಟ್ ಕವರಿನೊಳಗೆ

ಸಣ್ಣ ಸ್ಪೋರ್ಟ್ಸ್ ಸ್ಕೂಟರ್ ಕೊಂಡವರಿಗೆ ಕೆಲವೇ ತಿಂಗಳಲ್ಲಿ ಸೈಲೆನ್ಸರ್ ಬದಲಿಸುವ ಚಪಲ ಹತ್ತುತ್ತದೆ. ಸದ್ದು ಜೋರಾದರೆ ಓಟವೂ ಜೋರಾದಂತೆ ಅನ್ನಿಸುತ್ತದೆ, ಅಷ್ಟೇ. 50ರಿಂದ 125 ಸಿಸಿವರೆಗಿನ ಗೇರಿಲ್ಲದ ಗಾಡಿಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಪಿಕಪ್ ಇರುವುದು ಬೆಲ್ಟ್ ಕವರಿನೊಳಗೆ, ಅಂದರೆ ಇಂಜಿನ್ ಶಕ್ತಿಯನ್ನು ಹಿಂದಿನ ಚಕ್ರದತ್ತ ಸಾಗಿಸುವ ಬೆಲ್ಟನ್ನು ಮುಚ್ಚಿರುವ ಕವರಿನೊಳಗೆ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ನೀವೇ ಬಿಚ್ಚಿ ನೋಡಬಹುದು.

ಅದಕ್ಕೂ ಮೊದಲು ಮೇನ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ. ಬ್ರೇಕ್ ಹಿಡಿದುಕೊಳ್ಳುತ್ತಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಏರ್ ಫಿಲ್ಟರಿನಲ್ಲಿ ಧೂಳು ಗಿಡಿದಿದ್ದರೆ ಮೊದಲು ಅವನ್ನು ಸರಿಮಾಡಿ. ಇಲ್ಲದಿದ್ದರೆ ಟ್ಯೂನಿಂಗ್ ಎನ್ನುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನು ಕವರ್. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಂದೆ ಕಾಣುವುದು ವೇರಿಯೇಟರ್, ಅಂದರೆ ಇಂಜಿನ್ ಕಡೆಯ ಪುಲ್ಲಿ; ಹಿಂದೆ ಸ್ಪ್ರಿಂಗ್ ಇರುವ ಪುಲ್ಲಿ ಮತ್ತು ಕ್ಲಚ್. ಇಂಜಿನ್ ವೇಗ ಏರಿದಂತೆ ವೇರಿಯೇಟರ್ ಒಳಗಿನ ರೋಲರುಗಳು ಹೊರಕ್ಕೆ ಜಾರಿ ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ; ಬೆಲ್ಟ್ ಮುಂದೆ ಮೇಲಕ್ಕೆ ಹತ್ತುತ್ತದೆ, ಹಿಂದೆ ಕೆಳಕ್ಕೆ ಇಳಿಯುತ್ತದೆ. ಗೇರ್ ಬೀಳುವುದು ಅಂದರೆ ಇದೇ. ಎಷ್ಟು ಬೇಗ ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ರೋಲರಿನ ತೂಕ.

ವೇರಿಯೇಟರ್ ನಟ್ ಬಿಚ್ಚಲು ಪುಲ್ಲಿ ಹಿಡಿದಿಡುವ ಟೂಲ್ ಬೇಕೇ ಬೇಕು. ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಮುರಿಯುವುದು ರೆಕ್ಕೆ. ರೋಲರುಗಳನ್ನು ಒಂದೊಂದಾಗಿ ಬೆರಳ ಮೇಲೆ ಉರುಳಿಸಿ ನೋಡಿ. ದುಂಡಗಿನ ಮೈಯಲ್ಲಿ ಒಂದು ಕಡೆ ಚಪ್ಪಟೆ ಸಿಕ್ಕರೆ ಇಡೀ ಸೆಟ್ ಬದಲಿಸಿ. ಬೆಲ್ಟಿನ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆದು ಮ್ಯಾನುಯಲ್‌ನಲ್ಲಿ ಕೊಟ್ಟ ಮಿತಿಗೆ ಹೋಲಿಸಿ. ಸವೆದ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನವರೆಗೆ ಹತ್ತುವುದಿಲ್ಲ, ಟಾಪ್ ಸ್ಪೀಡ್ ಅಲ್ಲೇ ಸೋರಿಹೋಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಪುಲ್ಲಿ ತಟ್ಟೆಯ ಮೇಲೆ ನಡುವಿನಿಂದ ಅಂಚಿಗೆ ಮಾರ್ಕರ್ ಗೆರೆ ಎಳೆದು, ಕವರ್ ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ ಬಂದು ಮತ್ತೆ ಬಿಚ್ಚಿ. ಗೆರೆ ಅಳಿಸಿದಷ್ಟು ದೂರ ಮಾತ್ರ ಬೆಲ್ಟ್ ಹತ್ತಿದೆ.

ತೂಕ ಬದಲಿಸುವುದಾದರೆ ಒಂದು ಸಲಕ್ಕೆ ರೋಲರಿಗೆ ಅರ್ಧ ಗ್ರಾಂ, ಹೆಚ್ಚೆಂದರೆ ಒಂದು ಗ್ರಾಂ ಇಳಿಸಿ. ಆರು ರೋಲರಿಗೆ ಅರ್ಧರ್ಧ ಗ್ರಾಂ ಇಳಿಸಿದರೆ ಒಟ್ಟು 3 ಗ್ರಾಂ. ಅಷ್ಟಕ್ಕೇ ಇಂಜಿನ್ ಸ್ವರ ಬದಲಾಗುತ್ತದೆ. ನಡುವಿನ ತೂಕ ಬೇಕಾದರೆ ಎರಡು ತೂಕದವನ್ನು ಮೂರು ಮೂರರಂತೆ, ಒಂದು ಬಿಟ್ಟು ಒಂದು ಕೂರಿಸಬಹುದು. ಹಗುರ ರೋಲರ್ ಹಾಕಿದರೆ ಇಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಎಳೆಯುತ್ತದೆ, ಏರಿನಲ್ಲಿ ಉಸಿರು ಕಟ್ಟುವುದಿಲ್ಲ. ಅತಿಯಾದರೆ ಕಿರುಚಾಟವೇ ಜಾಸ್ತಿ, ಮೈಲೇಜ್ ಕಡಿಮೆ. ಬೇಕಾದದ್ದು ಗರಿಷ್ಠ ಶಕ್ತಿ ಸಿಗುವ ಆರ್‌ಪಿಎಂ ಹತ್ತಿರ ಸ್ವರ ನಿಂತು, ವೇಗ ಮಾತ್ರ ಏರುತ್ತಾ ಹೋಗುವುದು. ಒಂದೇ ಏರು, ಒಂದೇ ಸವಾರ, ಸ್ಟಾಪ್‌ವಾಚ್: ಪ್ರತಿ ಬದಲಾವಣೆಗೂ ಇದೇ ಪರೀಕ್ಷೆ. ಹಿಂದಿನ ಸ್ಪ್ರಿಂಗನ್ನು ಸುಮ್ಮನೆ ಗಟ್ಟಿಯದಕ್ಕೆ ಬದಲಿಸಬೇಡಿ. ಬೆಲ್ಟ್ ವೃಥಾ ಬಿಸಿಯಾಗುತ್ತದೆ. ಕ್ಲಚ್ ಶೂ ಹೊಳೆಯುತ್ತಿದ್ದರೆ ಮರಳುಕಾಗದದಲ್ಲಿ ಹಗುರಾಗಿ ತಿಕ್ಕಿದರೆ ಸಾಕು.

ಜೋಡಿಸುವಾಗ ನಾನು ಒಮ್ಮೆ ಕೆಟ್ಟಿದ್ದೇನೆ. ಹಿಂದಿನ ಪುಲ್ಲಿಯನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ಒತ್ತಬೇಕು, ಆಗ ಮುಂದೆ ಅದು ಸಡಿಲವಾಗಿ ತೂಗುತ್ತದೆ. ಅದನ್ನು ಮರೆತು ನಟ್ ಬಿಗಿದೆ. ನಟ್ ಬಿಗಿಯಾದಂತೆ ಕಂಡಿತು. ನಿಜವಾಗಿ ತಟ್ಟೆಗಳ ನಡುವೆ ಬೆಲ್ಟ್ ಸಿಕ್ಕಿಕೊಂಡಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ನಟ್ ಸಡಿಲಾಗಿ ಶಾಫ್ಟಿನ ಹಲ್ಲುಗಳೇ ಸವೆದುಹೋದವು. ಈಗ ಬಿಗಿಯುವಾಗಲೆಲ್ಲ ಬೆಲ್ಟನ್ನು ಬೆರಳಿಂದ ಅಲ್ಲಾಡಿಸಿ ನೋಡುತ್ತೇನೆ, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ.

ಇಷ್ಟಾದ ಮೇಲೂ ಸೈಲೆನ್ಸರ್ ಬೇಕೆಂದರೆ ಹಾಕಿಸಿ. ನೋಂದಣಿ, ವಿಮೆಯ ನಿಯಮ ಮೊದಲು ನೋಡಿಕೊಳ್ಳಿ. ಯುರೋಪಿನಲ್ಲಿ ಮೊಪೆಡ್ ದರ್ಜೆಯ 50 ಸಿಸಿ ಗಾಡಿಗೆ ಗಂಟೆಗೆ 45 ಕಿ.ಮೀ. ಮಿತಿಯಿದೆ. ಕಾರ್ಬುರೇಟರ್ ಗಾಡಿಯಾದರೆ ಮೇನ್ ಜೆಟ್ಟನ್ನೂ (ಪೆಟ್ರೋಲ್ ಎಷ್ಟು ಹರಿಯಬೇಕೆಂದು ತೀರ್ಮಾನಿಸುವ ಸಣ್ಣ ತೂತಿನ ಬಿಡಿಭಾಗ) ಹೊಂದಿಸಬೇಕಾಗುತ್ತದೆ. ಬೇಕು ಅನ್ನಿಸಿದ್ದಕ್ಕಿಂತ ದೊಡ್ಡದರಿಂದ ಶುರುಮಾಡಿ ಒಂದೊಂದೇ ಅಳತೆ ಇಳಿಸಿ. ಪೆಟ್ರೋಲ್ ಕಡಿಮೆಯಾದರೆ ಟೂ ಸ್ಟ್ರೋಕ್ ಇಂಜಿನ್ ಕ್ಷಣದಲ್ಲಿ ಸೀಜ್ ಆಗಬಹುದು, ಅಂದರೆ ಪಿಸ್ಟನ್ ಸಿಕ್ಕಿಕೊಂಡು ನಿಂತುಬಿಡಬಹುದು. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿ, ಹಾಗೆಯೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ. ಮಸಿ ಹಿಡಿದಿದ್ದರೆ ಜೆಟ್ ಇನ್ನೂ ದೊಡ್ಡದು. ಸುಣ್ಣದಂತೆ ಬೆಳ್ಳಗಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಮನೆಯವರೆಗೆ ತಳ್ಳಿಕೊಂಡೇ ಬನ್ನಿ.